ಎರಡು ನಿಮಿಷದ ತಾಳ್ಮೆ

ಶುಭಸಂದೇಶ ವಾಚನ: ಸಂತ ಮಾರ್ಕ ೮:೨೨-೨೬



ನಮ್ಮ ಪ್ರಭು ಯೇಸುಸ್ವಾಮಿ ಮಾಡಿದ ಅದ್ಭುತ ಕಾರ್ಯಗಳಲ್ಲಿ ಹೆಚ್ಚಿನವು ಒಂದೇ ಮಾತಿಗೆ, ಒಂದೇ ಸ್ಪರ್ಶಕ್ಕೆ ನಡೆದುಹೋದವು. ಬೆತ್ಸಾಯಿದ ಊರಿನ ಕುರುಡನ ಸಂಗತಿ ಮಾತ್ರ ಹಾಗಲ್ಲ. ಯೇಸು ಅವನ ಕೈಹಿಡಿದು ಊರಾಚೆಗೆ ಕರೆದೊಯ್ದರು. ಕಣ್ಣಿಗೆ ಉಗುಳು ಹಚ್ಚಿ, ಕೈಗಳನ್ನಿಟ್ಟು, ಏನಾದರೂ ಕಾಣುತ್ತಿದೆಯೇ ಎಂದು ವಿಚಾರಿಸಿದರು. ಅವನಿಗೆ ಮನುಷ್ಯರು ಕಂಡರು, ಆದರೆ ನಡೆದಾಡುವ ಮರಗಳ ಹಾಗೆ. ಯೇಸು ಮತ್ತೊಮ್ಮೆ ಕೈಯಿಟ್ಟರು. ಆಮೇಲೆ ಎಲ್ಲವೂ ನಿಚ್ಚಳವಾಯಿತು. ಈ ಅದ್ಭುತವನ್ನು ನಾಲ್ವರು ಶುಭಸಂದೇಶಕಾರರಲ್ಲಿ ಸಂತ ಮಾರ್ಕನೊಬ್ಬನೇ ಬರೆದಿಟ್ಟಿದ್ದಾನೆ.

ಸಕಲೇಶಪುರ, ಆಲೂರು ಸೀಮೆಯ ನಮಗೆ ಆ ಕುರುಡನ ಮಾತು ಬೇಗ ಅರ್ಥವಾಗುತ್ತದೆ. ಮಂಜು ಕವಿದ ಬೆಳಗಿನಲ್ಲಿ ತೋಟದ ದಾರಿಯಲ್ಲಿ ನಡೆದುಬರುವವರು ಆಳುಗಳೋ ಸಿಲ್ವರ್ ಮರಗಳೋ ಎಂದು ಕಣ್ಣು ಕಿರಿದು ಮಾಡಿ ನೋಡುವುದು ನಮಗೆ ಹೊಸದಲ್ಲ. ಆದರೆ ಇಲ್ಲಿ ಗಮನಿಸಬೇಕಾದದ್ದು ಬೇರೆ. ಮೊದಲ ಸ್ಪರ್ಶಕ್ಕೆ ಪೂರ್ತಿ ಗುಣ ಕಾಣದಿದ್ದಾಗ ಯೇಸು ಬೇಸರಪಡಲಿಲ್ಲ. "ಇನ್ನೂ ಆಗಲಿಲ್ಲವೇ?" ಎಂದು ಗದರಲಿಲ್ಲ. ಅರ್ಧ ಕಂಡವನ ಪಕ್ಕದಲ್ಲೇ ನಿಂತು, ಇನ್ನೊಂದು ಸಲ ಮುಟ್ಟಿದರು. ತಡವಾಗಿ ಏಳುವವರ ಬಗ್ಗೆ ದೇವರ ನಡವಳಿಕೆ ಇದು. ನಮ್ಮ ಮನೆಗಳಲ್ಲಿ ಈ ನಡವಳಿಕೆ ಉಳಿದಿದೆಯೇ ಎಂದು ಪರೀಕ್ಷಿಸಿಕೊಳ್ಳಲು ಈ ವಾರ ಒಂದು ಸಾಧಾರಣ ವಸ್ತುವನ್ನು ಎದುರಿಗಿಟ್ಟುಕೊಳ್ಳೋಣ. ಅದು ಮನೆಯ ಮೂಲೆಯಲ್ಲಿರುವ ಕಂಪ್ಯೂಟರ್.

ಪರದೆ ಕಪ್ಪಾಗಿರುವಾಗ

ನಮ್ಮ ಗುಡ್ಡಗಾಡಿಗೆ ಕಂಪ್ಯೂಟರ್ ಬಂದದ್ದು ಮೆಲ್ಲಗೆ. ಸರ್ಕಾರದ 'ಭೂಮಿ' ಯೋಜನೆಯಿಂದಾಗಿ ೨೦೦೦ದ ಆಸುಪಾಸಿನ ವರ್ಷಗಳಲ್ಲಿ ಕೈಬರಹದ ಪಹಣಿ ಹೋಗಿ, ತಾಲ್ಲೂಕು ಕಚೇರಿಯಲ್ಲಿ ಅಚ್ಚಾದ ಪಹಣಿ ಸಿಗತೊಡಗಿದಾಗ ಅನೇಕ ರೈತರು ಮೊದಲ ಬಾರಿಗೆ ಅದರ ಎದುರು ನಿಂತರು. ಆಮೇಲೆ ತೋಟದ ಲೆಕ್ಕಕ್ಕೆಂದು, ಮಕ್ಕಳ ಓದಿಗೆಂದು ಮನೆಗೇ ಬಂತು. ೨೦೨೦ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ಪಾಠವೂ ಅದರೊಳಗೇ ನಡೆಯಿತು. ಬೆಂಗಳೂರಿನ ಮಕ್ಕಳು ಊರಿಗೆ ಬಂದು ಮನೆಯಿಂದಲೇ ಕೆಲಸ ಮಾಡಿದರು. ಅಂದು ಎಲ್ಲ ಮನೆಗಳಲ್ಲೂ ಕೇಳಿಬಂದ ಒಂದು ಮಾತು, "ಇದು ಏಳುವುದಕ್ಕೆ ಎಷ್ಟು ಹೊತ್ತು ಬೇಕು?"

ಗುಂಡಿ ಒತ್ತಿದ ಕೂಡಲೇ ಏನೂ ಕಾಣುವುದಿಲ್ಲ. ಆದರೆ ಒಳಗೆ ಬಹಳ ಕೆಲಸ ನಡೆಯುತ್ತಿರುತ್ತದೆ. ಮೊದಲು ವಿದ್ಯುತ್ತು ಸ್ಥಿರವಾಗಬೇಕು. ಅದು ಸರಿಯಾಗಿದೆ ಎಂಬ ಸಂಕೇತ ಬರುವವರೆಗೆ ಯಂತ್ರದ ಮಿದುಳಾದ ಪ್ರೊಸೆಸರ್ ಕೆಲಸ ಆರಂಭಿಸುವುದೇ ಇಲ್ಲ. ಇದು ಅರ್ಧ ಸೆಕೆಂಡಿನೊಳಗೆ ಮುಗಿಯುತ್ತದೆ. ಎಚ್ಚೆತ್ತ ಪ್ರೊಸೆಸರಿಗೆ ನಿನ್ನೆಯದು ಯಾವುದೂ ನೆನಪಿರುವುದಿಲ್ಲ, ಏಕೆಂದರೆ ಅದರ ಕೆಲಸದ ನೆನಪು ಕರೆಂಟು ಹೋದೊಡನೆ ಅಳಿಸಿಹೋಗುತ್ತದೆ. ಒಂದು ಸಣ್ಣ ಚಿಪ್ಪಿನಲ್ಲಿ ಮೊದಲೇ ಬರೆದಿಟ್ಟ ಸೂಚನೆಯನ್ನು ಅದು ಓದುತ್ತದೆ. ಹಳೆಯ ಯಂತ್ರಗಳಲ್ಲಿ ಇದರ ಹೆಸರು ಬಯಾಸ್, ಈಗಿನವುಗಳಲ್ಲಿ ಯುಇಎಫ್‌ಐ. ಆಮೇಲೆ ಬೆಳಿಗ್ಗೆ ಮೇಸ್ತ್ರಿ ಆಳುಗಳ ಹೆಸರು ಕೂಗಿ ಹಾಜರಿ ತೆಗೆದುಕೊಳ್ಳುವಂತೆ, ನೆನಪು ಇದೆಯೇ, ಕೀಲಿಮಣೆ ಇದೆಯೇ, ಡಿಸ್ಕ್ ಇದೆಯೇ ಎಂದು ಒಂದೊಂದನ್ನೇ ವಿಚಾರಿಸುತ್ತದೆ. ಹಳೆಯ ಕಂಪ್ಯೂಟರುಗಳಲ್ಲಿ ಎಲ್ಲವೂ ಸರಿಯಿದ್ದರೆ 'ಬೀಪ್' ಎಂದು ಒಂದೇ ಸದ್ದು ಬರುತ್ತಿತ್ತು. ಏನಾದರೂ ಕೆಟ್ಟಿದ್ದರೆ ಸದ್ದಿನ ಎಣಿಕೆ ಬೇರೆಯಾಗುತ್ತಿತ್ತು.

ಹಾಜರಿ ಮುಗಿದ ಮೇಲೆ ವಿಂಡೋಸ್‌ನಂತಹ ಮೂಲ ವ್ಯವಸ್ಥೆಯನ್ನು ಡಿಸ್ಕಿನಿಂದ ನೆನಪಿಗೆ ತಂದುಕೊಳ್ಳಬೇಕು. ಹೆಚ್ಚು ಹೊತ್ತು ಹಿಡಿಯುವುದು ಇಲ್ಲಿಯೇ. ಹಳೆಯ ಹಾರ್ಡ್ ಡಿಸ್ಕಿನೊಳಗೆ ತಟ್ಟೆಗಳು ನಿಮಿಷಕ್ಕೆ ೫,೪೦೦ ಅಥವಾ ೭,೨೦೦ ಸುತ್ತು ತಿರುಗುತ್ತವೆ. ಓದುವ ಮುಳ್ಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದು, ಬೇಕಾದ ಜಾಗ ಕೆಳಗೆ ಬರುವವರೆಗೆ ಕಾಯಲು ಒಂದು ಸೆಕೆಂಡಿನ ನೂರನೇ ಒಂದು ಭಾಗದಷ್ಟು ಹೊತ್ತು ಬೇಕು. ಇದು ಅತ್ಯಲ್ಪವೆನಿಸಿದರೂ ಹೀಗೆ ಸಾವಿರಾರು ತುಣುಕುಗಳನ್ನು ಹೆಕ್ಕಿ ತರಬೇಕಾದಾಗ ನಿಮಿಷ, ಎರಡು ನಿಮಿಷ, ಕೆಲವೊಮ್ಮೆ ಇನ್ನೂ ಹೆಚ್ಚು ಆಗಿಬಿಡುತ್ತದೆ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಇರುವ ಯಂತ್ರ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಏಳುವುದು ಈ ಕಾರಣಕ್ಕೇ. ಹಳೆಯ ಯಂತ್ರವನ್ನು ಬಿಸಾಡುವ ಮೊದಲು ಡಿಸ್ಕನ್ನು ಮಾತ್ರ ಬದಲಾಯಿಸಿ ನೋಡಿದರೂ ಬಹಳ ಮನೆಗಳ ಕಷ್ಟ ತೀರುತ್ತದೆ.

ಪ್ರಿಯರೇ, ಇಲ್ಲಿ ನಮಗೊಂದು ಪಾಠವಿದೆ. ಪರದೆ ಕಪ್ಪಾಗಿದೆ ಎಂದರೆ ಒಳಗೆ ಏನೂ ನಡೆಯುತ್ತಿಲ್ಲ ಎಂದು ಅರ್ಥವಲ್ಲ. ನಮ್ಮ ಮನೆಯಲ್ಲಿಯೂ ಮಾತನಾಡದೆ ಕುಳಿತವರಿರುತ್ತಾರೆ. ಗಂಡನನ್ನು ಕಳೆದುಕೊಂಡು ವರ್ಷವಾದರೂ ನಗದ ತಾಯಿ ಇರಬಹುದು. ಭಾನುವಾರ ಪೂಜೆಗೆ ಬಂದರೂ ಬಾಗಿಲ ಬಳಿ ನಿಂತುಕೊಳ್ಳುವ ಮಗ ಇರಬಹುದು. ಅವರೊಳಗೆ ಏನೇನು ಹೆಕ್ಕಿ ಜೋಡಿಸಿಕೊಳ್ಳುವ ಕೆಲಸ ನಡೆಯುತ್ತಿದೆಯೋ ನಮಗೆ ಕಾಣುವುದಿಲ್ಲ. ಕಾಣುವವರು ದೇವರೊಬ್ಬರೇ.

ತನ್ನನ್ನು ತಾನೇ ಎತ್ತಿಕೊಳ್ಳಲಾಗದು

ಕಂಪ್ಯೂಟರ್ ಆರಂಭವಾಗುವುದಕ್ಕೆ 'ಬೂಟ್ ಆಗುವುದು' ಎನ್ನುತ್ತಾರೆ. ಈ ಪದ ಬಂದದ್ದು ಕಾಲಿಗೆ ಹಾಕುವ ಬೂಟಿನಿಂದಲೇ. ಬೂಟಿನ ಹಿಂಭಾಗದ ಪಟ್ಟಿಯನ್ನು ಹಿಡಿದು ತನ್ನನ್ನು ತಾನೇ ನೆಲದಿಂದ ಮೇಲಕ್ಕೆ ಎತ್ತಿಕೊಳ್ಳುವುದು ಎಂಬ ಅಸಾಧ್ಯ ಸಾಹಸದ ಮಾತು ಆಂಗ್ಲ ಭಾಷೆಯಲ್ಲಿದೆ. ಖಾಲಿ ಯಂತ್ರ ತನಗೆ ತಾನೇ ಎದ್ದು ನಿಂತಂತೆ ಕಾಣುವುದರಿಂದ ಈ ಹೆಸರು ಬಿತ್ತು. ಆದರೆ ನಿಜವಾಗಿ ಅದು ತಾನಾಗಿಯೇ ಏಳುವುದಿಲ್ಲ. ಯಂತ್ರ ಕಣ್ಣು ಬಿಡುವ ಮೊದಲೇ ಬೇರೆ ಯಾರೋ ಆ ಚಿಪ್ಪಿನಲ್ಲಿ ಮೊದಲ ಸೂಚನೆಯನ್ನು ಬರೆದಿಟ್ಟಿದ್ದಾರೆ. ಅದಿಲ್ಲದಿದ್ದರೆ ಎಷ್ಟು ಬೆಲೆಯ ಯಂತ್ರವಾದರೂ ಬರೀ ಪೆಟ್ಟಿಗೆ.

ನಮ್ಮ ವಿಶ್ವಾಸದ ಜೀವನವೂ ಹೀಗೆಯೇ ಅಲ್ಲವೇ? ನಾವು ದೇವರನ್ನು ಅರಸುವ ಮೊದಲೇ ದೇವರು ನಮ್ಮನ್ನು ಅರಸಿದರು. ನಮಗೆ ಬುದ್ಧಿ ತಿಳಿಯುವ ಮೊದಲೇ ಜ್ಞಾನಸ್ನಾನದಲ್ಲಿ ಅವರ ವರಪ್ರಸಾದ ನಮ್ಮೊಳಗೆ ಇಳಿಯಿತು. ತೊಡೆಯ ಮೇಲೆ ಕೂರಿಸಿಕೊಂಡ ಅಜ್ಜಿ ನಮ್ಮ ಪುಟ್ಟ ಕೈಯನ್ನು ಹಿಡಿದು ಹಣೆಗೆ, ಎದೆಗೆ, ಭುಜಗಳಿಗೆ ಮುಟ್ಟಿಸಿ ಶಿಲುಬೆಯ ಗುರುತು ಕಲಿಸಿದಳು. ಕಷ್ಟಕಾಲದಲ್ಲಿ ಎಲ್ಲವೂ ಮರೆತುಹೋದಾಗಲೂ ಕೈ ತಾನಾಗಿ ಹಣೆಗೆ ಹೋಗುವುದು ಈ ಕಾರಣದಿಂದಲೇ.

ಕಂಪ್ಯೂಟರಿನೊಳಗೆ ನಾಣ್ಯದಷ್ಟು ಅಗಲದ ಒಂದು ಸಣ್ಣ ಬ್ಯಾಟರಿಯೂ ಇರುತ್ತದೆ. ಹೆಚ್ಚಿನವುಗಳಲ್ಲಿ ಅದು ಸಿಆರ್ ೨೦೩೨ ಎಂಬ ೩ ವೋಲ್ಟಿನ ಗುಂಡಿ. ಕರೆಂಟಿಲ್ಲದ ಮಳೆಗಾಲದ ರಾತ್ರಿಗಳಲ್ಲಿಯೂ ಗಡಿಯಾರವನ್ನು ನಡೆಸುತ್ತಾ ಇರುವುದು ಅದೇ. ಅದು ಸತ್ತರೆ ಯಂತ್ರ ಎದ್ದರೂ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿರುತ್ತದೆ. ದಿನ ತಪ್ಪಿದ ಯಂತ್ರವನ್ನು ಬ್ಯಾಂಕಿನ ಜಾಲತಾಣ ಒಳಗೆ ಬಿಡುವುದಿಲ್ಲ. ನಮ್ಮ ಕುಟುಂಬಗಳಲ್ಲಿ ಯಾರ ಕಣ್ಣಿಗೂ ಬೀಳದೆ ಮೂಲೆಯಲ್ಲಿ ಕುಳಿತು ಜಪಮಾಲೆ ಎಣಿಸುವ ಹಿರಿಯರು ಆ ಗುಂಡಿ ಬ್ಯಾಟರಿಯ ಹಾಗೆ. ಮನೆಯ ಸಮಯವನ್ನು ಸರಿಯಾಗಿ ಇಟ್ಟವರು ಅವರು. ಅವರು ಹೋದ ಮೇಲೆಯೇ ನಮಗೆ ಅದು ತಿಳಿಯುತ್ತದೆ.

ಕರೆಯದೆ ಬಂದು ಕುಳಿತವರು

ಹೊಸದಾಗಿ ತಂದಾಗ ಬೇಗ ಏಳುತ್ತಿದ್ದ ಯಂತ್ರ ವರ್ಷ ಕಳೆದಂತೆ ನಿಧಾನವಾಗುವುದೇಕೆ? ಒಂದು ಮುಖ್ಯ ಕಾರಣವೆಂದರೆ, ನಾವು ಹಾಕಿಕೊಂಡ ಒಂದೊಂದು ಪ್ರೋಗ್ರಾಮೂ ಯಂತ್ರ ಏಳುವಾಗಲೇ ತಾನೂ ಏಳಬೇಕೆಂದು ಪಟ್ಟಿಯಲ್ಲಿ ಹೆಸರು ಸೇರಿಸಿಕೊಂಡುಬಿಡುತ್ತದೆ. ಎಂದೋ ಒಮ್ಮೆ ಬಳಸಿದ ಪ್ರಿಂಟರಿನದು, ಹಾಡು ಕೇಳುವುದು, ಹರಟೆ ಹೊಡೆಯುವುದು, ಹೀಗೆ ಎಲ್ಲವೂ ಬಾಗಿಲಲ್ಲಿ ಒಟ್ಟಿಗೆ ನುಗ್ಗುತ್ತವೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಬರುವ ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ವಿಭಾಗದಲ್ಲಿ ಈ ಪಟ್ಟಿ ಕಾಣುತ್ತದೆ. ಯಾವುದರಿಂದ ಎಷ್ಟು ತಡ ಎಂಬುದನ್ನೂ ಅದು ತೋರಿಸುತ್ತದೆ. ವೈರಸ್ಸಿನಿಂದ ಕಾಪಾಡುವುದನ್ನು ಉಳಿಸಿಕೊಂಡು, ಬೇಡವಾದವನ್ನು ಅಲ್ಲಿಯೇ ನಿಲ್ಲಿಸಬಹುದು. ಅವುಗಳನ್ನು ಕೊಂದಂತೆ ಆಗುವುದಿಲ್ಲ, ಬೇಕಾದಾಗ ಕರೆದರೆ ಬರುತ್ತವೆ. ಮೊದಲ ಗಳಿಗೆಯನ್ನು ಮಾತ್ರ ಅವುಗಳಿಗೆ ಕೊಡುವುದಿಲ್ಲ, ಅಷ್ಟೇ.

ಈಗ ನಮ್ಮ ಬೆಳಗಿನ ಪಟ್ಟಿಯನ್ನು ತೆರೆದು ನೋಡೋಣ. ಕಣ್ಣು ಬಿಟ್ಟೊಡನೆ ಕೈ ಎಲ್ಲಿಗೆ ಹೋಗುತ್ತದೆ? ಮೊಬೈಲಿಗೆ. ಕಾಫಿ ದರ ಏರಿತೋ ಇಳಿಯಿತೋ, ರಾತ್ರಿ ಯಾರ ತೋಟಕ್ಕೆ ಆನೆ ನುಗ್ಗಿತು, ಯಾರು ಯಾರಿಗೆ ಏನೆಂದರು. ಇವೆಲ್ಲ ತಿಳಿಯಬಾರದ ಸಂಗತಿಗಳಲ್ಲ. ಆದರೆ ಇವಕ್ಕೆಲ್ಲ ಮೊದಲ ಗಳಿಗೆಯನ್ನು ಕೊಟ್ಟವರು ಯಾರು? ನಾವು ಕೊಡಲಿಲ್ಲ, ಅವೇ ಬಂದು ಸೇರಿಕೊಂಡವು. ನಿನ್ನೆಯ ಸಿಟ್ಟು, ಜಮೀನಿನ ವ್ಯಾಜ್ಯ, ಸಾಲದ ಚಿಂತೆ ಕೂಡ ಹಾಗೆಯೇ ನಮ್ಮೊಂದಿಗೆ ಎದ್ದು ಕೂರುತ್ತವೆ. ಇಷ್ಟೆಲ್ಲ ಹೊತ್ತುಕೊಂಡು ಏಳುವ ಮನಸ್ಸು ಮಗುವಿನ ಮುಖ ನೋಡಿ ನಗಲು ಮಧ್ಯಾಹ್ನವಾಗುತ್ತದೆ.

ಯೇಸುಸ್ವಾಮಿ ಕಫರ್ನೌಮಿನಲ್ಲಿ ಸಂಜೆ ರೋಗಿಗಳನ್ನು ಗುಣಪಡಿಸಿದ ಮಾರನೆಯ ದಿನ, ಇನ್ನೂ ಕತ್ತಲಿರುವಾಗಲೇ ಎದ್ದು ಏಕಾಂತ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದರೆಂದು ಸಂತ ಮಾರ್ಕ ತಿಳಿಸುತ್ತಾನೆ. ಜನ ಹುಡುಕುತ್ತಿದ್ದರೂ ಮೊದಲ ಗಳಿಗೆ ತಂದೆಯದಾಗಿತ್ತು. ನಮ್ಮ ಕಾಲದಲ್ಲಿಯೇ ಇದಕ್ಕೊಂದು ಮಾದರಿಯಿದೆ. ೧೯೯೧ರಲ್ಲಿ ಲಂಡನ್ನಿನಲ್ಲಿ ಹುಟ್ಟಿ ಇಟಲಿಯ ಮಿಲಾನಿನಲ್ಲಿ ಬೆಳೆದ ಕಾರ್ಲೊ ಅಕ್ಯುಟಿಸ್ ಎಂಬ ಹುಡುಗನಿಗೆ ಕಂಪ್ಯೂಟರೆಂದರೆ ಪ್ರಾಣ. ಪರಮಪ್ರಸಾದದ ಅದ್ಭುತಗಳ ಬಗ್ಗೆ ಅವನು ಅದರಲ್ಲಿಯೇ ಮಾಹಿತಿ ಸೇರಿಸಿ ಜಗತ್ತಿಗೆ ತೋರಿಸಿದ. ಆದರೆ ದಿನವೂ ಪೂಜೆಗೆ ಹೋಗುವುದನ್ನು ಬಿಡಲಿಲ್ಲ. ೨೦೦೬ರಲ್ಲಿ ರಕ್ತದ ಕ್ಯಾನ್ಸರಿನಿಂದ ೧೫ನೇ ವಯಸ್ಸಿಗೆ ತೀರಿಕೊಂಡ ಅವನನ್ನು ಪೋಪ್ ಹದಿನಾಲ್ಕನೆಯ ಲಿಯೋರವರು ೨೦೨೫ರ ಸೆಪ್ಟೆಂಬರ್ ೭ರಂದು ಸಂತರ ಸಾಲಿಗೆ ಸೇರಿಸಿದರು. ಯಂತ್ರ ಅವನ ಕೈಯಲ್ಲಿತ್ತು, ಅವನು ಯಂತ್ರದ ಕೈಯಲ್ಲಿರಲಿಲ್ಲ.

ಮಧ್ಯದಲ್ಲಿ ಗುಂಡಿ ಅದುಮಬೇಡಿ

ತಡವಾಯಿತೆಂದು ಸಿಟ್ಟುಗೊಂಡು ಅರ್ಧದಲ್ಲಿ ಗುಂಡಿ ಅದುಮಿ ಆರಿಸಿಬಿಡುವವರಿದ್ದಾರೆ. ಇದರಿಂದ ಯಂತ್ರ ಬೇಗ ಏಳುವುದಿಲ್ಲ. ಮತ್ತೆ ಮೊದಲಿನಿಂದ ಆರಂಭಿಸಬೇಕು. ಬರೆಯುತ್ತಿದ್ದ ಮಾಹಿತಿ ಅರ್ಧಕ್ಕೆ ನಿಂತು ಕೆಡಬಹುದು, ಡಿಸ್ಕನ್ನೆಲ್ಲ ಪರಿಶೀಲಿಸಲು ಇನ್ನಷ್ಟು ಹೊತ್ತು ಹಿಡಿಯಬಹುದು. ಎರಡು ನಿಮಿಷ ಉಳಿಸಲು ಹೋಗಿ ಅರ್ಧ ಗಂಟೆ ಕಳೆದುಕೊಂಡಂತೆ.

ಮನುಷ್ಯರೊಡನೆ ನಾವು ಇದನ್ನು ದಿನವೂ ಮಾಡುತ್ತೇವೆ. ಮೂರನೆಯ ತರಗತಿಯ ಮಗು ಕನ್ನಡ ಪಾಠವನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತಿದೆ. ಒಂದು ಒತ್ತಕ್ಷರದ ಬಳಿ ನಿಂತಿದೆ, ಇನ್ನೇನು ಹೇಳಬೇಕು. ಅಷ್ಟರಲ್ಲಿ ಅಪ್ಪ, "ಪಕ್ಕದ ಮನೆ ಹುಡುಗನನ್ನು ನೋಡು, ನಿನಗೇನು ಬಂದಿದೆ?" ಎನ್ನುತ್ತಾರೆ. ಮಗು ಕೂಡಿಸಿಕೊಂಡದ್ದೆಲ್ಲ ಚೆಲ್ಲಿಹೋಗುತ್ತದೆ. ಮಂಡಿನೋವಿನ ಅಜ್ಜಿ ಮಂಚದಿಂದ ಎದ್ದು, ಗೋಡೆ ಹಿಡಿದು, ಚಪ್ಪಲಿ ಹುಡುಕುತ್ತಿದ್ದಾರೆ. ಅಂಗಳದಿಂದ ಜೀಪಿನ ಹಾರ್ನ್ ಮೊಳಗುತ್ತದೆ. "ನೀವು ಹೋಗಿ ಮಗ, ನಾನು ಮನೆಯಲ್ಲೇ ಪ್ರಾರ್ಥನೆ ಮಾಡುತ್ತೇನೆ" ಎನ್ನುತ್ತಾರೆ ಅವರು. ಮುಂದಿನ ಭಾನುವಾರ ಏಳುವುದೇ ಇಲ್ಲ. ಕುಡಿತ ಬಿಟ್ಟು ಎರಡು ತಿಂಗಳಾದ ತಮ್ಮ ಒಂದು ಸಂಜೆ ಎಡವುತ್ತಾನೆ. "ನಮಗೆ ಗೊತ್ತಿತ್ತು, ನೀನು ಇಷ್ಟೇ" ಎಂದು ಮನೆಯವರೆಲ್ಲ ಅಂದುಬಿಡುತ್ತಾರೆ. ಅರವತ್ತು ದಿನ ಅವನು ಒಳಗೊಳಗೆ ಕಟ್ಟಿದ್ದು ಆ ಒಂದು ಮಾತಿನಿಂದ ಕುಸಿಯುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಬಾಯಿಗೆ ಬಂದದ್ದನ್ನು ಅನ್ನುವ ಹಿರಿಯರು ನೆನಪಿಡಬೇಕು, ಕೆಲವು ಮಕ್ಕಳಿಗೆ ಮತ್ತೆ ಮೊದಲಿನಿಂದ ಆರಂಭಿಸುವ ಶಕ್ತಿ ಉಳಿಯುವುದಿಲ್ಲ.

ಕಾಯುವುದು ನಮಗೆ ಗೊತ್ತಿಲ್ಲವೇ? ಕಾಫಿ ಗಿಡ ನೆಟ್ಟು ಮೂರು ನಾಲ್ಕು ವರ್ಷ ಕಾಯುವ ಜನ ನಾವು. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಅಲ್ಲಿಂದ ಅರೇಬಿಕಾ ಹಣ್ಣಾಗಲು ಎಂಟೊಂಬತ್ತು ತಿಂಗಳು, ರೊಬಸ್ಟಾಗೆ ಹತ್ತು ಹನ್ನೊಂದು ತಿಂಗಳು. ಬೇಗ ಹಣ್ಣಾಗು ಎಂದು ಗಿಡವನ್ನು ಗದರಿಸಿದವರನ್ನು ಯಾರೂ ಕಂಡಿಲ್ಲ. ರಸ್ತೆಯಲ್ಲಿ ಕಾಡಾನೆಗಳ ಹಿಂಡು ದಾಟುವಾಗ ಎಷ್ಟೇ ಅವಸರವಿದ್ದರೂ ಹಾರ್ನ್ ಮಾಡುವ ಧೈರ್ಯ ನಮಗಿಲ್ಲ. ಕೊನೆಯ ಮರಿಯೂ ದಾಟುವವರೆಗೆ ಉಸಿರು ಬಿಗಿಹಿಡಿದು ನಿಲ್ಲುತ್ತೇವೆ. ಲಾಭಕ್ಕಾಗಿ ಗಿಡಕ್ಕೆ ಕಾಯುತ್ತೇವೆ, ಭಯಕ್ಕಾಗಿ ಆನೆಗೆ ಕಾಯುತ್ತೇವೆ. ಪ್ರೀತಿಗಾಗಿ ಮನೆಯವರಿಗೆ ಕಾಯಲಾರೆವೇ?

ಎಲೀಯ ಪ್ರವಾದಿ ಸೋತು, ಸಾವು ಬರಲಿ ಎಂದು ಬೇಡಿ, ಗಿಡದ ನೆರಳಲ್ಲಿ ಮಲಗಿದ್ದನ್ನು ಅರಸರ ಗ್ರಂಥದಲ್ಲಿ ಓದುತ್ತೇವೆ. ದೇವದೂತ ಅವನನ್ನು ಮುಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಅವನು ತಿಂದು ಮತ್ತೆ ಮಲಗಿದ. ದೂತ ಬೈಯಲಿಲ್ಲ. ಎರಡನೆಯ ಸಲ ಬಂದು ಮತ್ತೆ ಮುಟ್ಟಿ ಎಬ್ಬಿಸಿದ, ಮತ್ತೆ ತಿನ್ನಿಸಿದ. ಅನಂತರವೇ ಎಲೀಯ ನಲವತ್ತು ದಿನ ನಡೆದು ಹೋರೇಬ್ ಬೆಟ್ಟವನ್ನು ಸೇರಿದ್ದು. ಬೆತ್ಸಾಯಿದದ ಕುರುಡನಿಗೆ ಎರಡು ಸ್ಪರ್ಶ, ಎಲೀಯನಿಗೆ ಎರಡು ಸ್ಪರ್ಶ. ಸಂತ ಅಗಸ್ಟೀನನಿಗಾಗಿ ತಾಯಿ ಮೋನಿಕಮ್ಮನವರು ಎಷ್ಟು ವರ್ಷ ಕಣ್ಣೀರಿಟ್ಟು ಕಾದರು! ಅವನು ಮಿಲಾನಿನಲ್ಲಿ ಜ್ಞಾನಸ್ನಾನ ಪಡೆದದ್ದು ೩೮೭ನೇ ಇಸವಿಯ ಪಾಸ್ಖ ಹಬ್ಬದಂದು, ತನ್ನ ೩೨ನೇ ವಯಸ್ಸಿನಲ್ಲಿ. ತಡವಾಗಿ ಎದ್ದವನು ಧರ್ಮಸಭೆಯ ಮಹಾಪಂಡಿತನಾದ.

ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲ

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಬೀಪ್ ಸದ್ದು ಮತ್ತೆ ಮತ್ತೆ ಬರುತ್ತಿದ್ದರೆ, ನಾಲ್ಕು ಸಲ ಹಾಕಿದರೂ ಏಳದಿದ್ದರೆ, ಅದು ಕಾಯುವ ಸಮಯವಲ್ಲ, ತಿಳಿದವರಲ್ಲಿಗೆ ಒಯ್ಯುವ ಸಮಯ. ಕುಡಿದು ಬಂದು ಹೊಡೆಯುವ ಗಂಡನ ಎದುರು "ತಾಳಿಕೋ ತಾಯಿ" ಎಂದು ಹೆಣ್ಣುಮಗಳಿಗೆ ಉಪದೇಶಿಸುವುದು ತಾಳ್ಮೆಯ ಬೋಧನೆಯಲ್ಲ, ಅನ್ಯಾಯಕ್ಕೆ ಆಸರೆ. ವಾರಗಟ್ಟಲೆ ಊಟ ನಿದ್ರೆ ಬಿಟ್ಟು, ಬದುಕು ಸಾಕೆನ್ನುವವರನ್ನು ಪ್ರಾರ್ಥನೆಯಿಂದ ಮಾತ್ರ ಸರಿಪಡಿಸುತ್ತೇವೆಂದು ಮನೆಯಲ್ಲಿ ಬಚ್ಚಿಡಬಾರದು. ವೈದ್ಯರ ಕೈಯೂ ದೇವರ ಕೈಯೇ. ಮನಸ್ಸಿನ ಕಷ್ಟಕ್ಕೆ ಕೇಂದ್ರ ಸರ್ಕಾರವು ೨೦೨೨ರಲ್ಲಿ ಆರಂಭಿಸಿದ ಟೆಲಿಮಾನಸ್ ಸಹಾಯವಾಣಿ ೧೪೪೧೬ ಎಂಬ ಸಂಖ್ಯೆಯಲ್ಲಿ ಉಚಿತವಾಗಿ ಸಿಗುತ್ತದೆ. ಲೂಕನ ಶುಭಸಂದೇಶದಲ್ಲಿ ಹಣ್ಣು ಬಿಡದ ಅಂಜೂರದ ಮರಕ್ಕಾಗಿ ತೋಟಗಾರ ಇನ್ನೊಂದು ವರ್ಷ ಗಡುವು ಕೇಳಿದನಲ್ಲ, ಅವನು ಸುಮ್ಮನೆ ಕೇಳಲಿಲ್ಲ. ಸುತ್ತ ಅಗೆದು ಗೊಬ್ಬರ ಹಾಕುವೆನೆಂದು ಮಾತು ಕೊಟ್ಟ. ಕ್ರೈಸ್ತ ತಾಳ್ಮೆಯ ಕೈಯಲ್ಲಿ ಯಾವಾಗಲೂ ಗುದ್ದಲಿ ಇರುತ್ತದೆ.

ಬೆಳಿಗ್ಗೆ ಬೇಗ ಏಳುವ ಗುಟ್ಟು ರಾತ್ರಿ ಮಲಗುವುದರಲ್ಲಿದೆ. ೨೦೧೨ರಲ್ಲಿ ಬಂದ ವಿಂಡೋಸ್ ೮ರಿಂದ ಮುಂದಕ್ಕೆ ಯಂತ್ರವನ್ನು ಸರಿಯಾದ ಕ್ರಮದಲ್ಲಿ ಮುಚ್ಚಿದರೆ, ಅದು ತನ್ನ ಮುಖ್ಯ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುವ ಏರ್ಪಾಡಿದೆ. ಮಾರನೆಯ ದಿನ ಎಲ್ಲವನ್ನೂ ಹೊಸದಾಗಿ ಹೆಕ್ಕಬೇಕಿಲ್ಲ. ಕರೆಂಟು ಪಟ್ಟನೆ ಹೋಗುವ ನಮ್ಮೂರುಗಳಲ್ಲಿ ಹೀಗೆ ಮುಚ್ಚಲು ಒಂದಿಷ್ಟು ಹೊತ್ತು ಸಿಗಲೆಂದೇ ಯುಪಿಎಸ್ ಇಟ್ಟುಕೊಳ್ಳುತ್ತೇವೆ. ಕುಟುಂಬದ ಸಂಜೆಯ ಪ್ರಾರ್ಥನೆಯೂ ಇಂಥದೇ ಮುಚ್ಚುವ ಕ್ರಮ. ಸೂರ್ಯ ಮುಳುಗುವ ಮೊದಲು ಸಿಟ್ಟನ್ನು ಬಿಡಿರೆಂದು ಸಂತ ಪೌಲ ಎಫೆಸದವರಿಗೆ ಬುದ್ಧಿ ಹೇಳಿದ. ದಿನದ ತಪ್ಪನ್ನು ದೇವರ ಮುಂದೆ ಒಪ್ಪಿಕೊಂಡು, ಗಂಡ ಹೆಂಡತಿ ಪರಸ್ಪರ ಕ್ಷಮೆ ಕೇಳಿ, ಮಕ್ಕಳ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ ಮಲಗಿದ ಮನೆ ಬೆಳಿಗ್ಗೆ ಹಗುರವಾಗಿ ಏಳುತ್ತದೆ.

ಮನೆಮಂದಿ ಕೂಡಿ ಯೋಚಿಸಲು

೧. ನಮ್ಮ ಮನೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ಏಳುವವರು, ಕಲಿಯುವವರು, ನಡೆಯುವವರು ಯಾರು? ಕಳೆದ ವಾರ ಅವರಿಗೆ ನಾವು ಆಡಿದ ಮಾತುಗಳು ಯಾವುವು?

೨. ಬೆಳಗಿನ ಮೊದಲ ಐದು ನಿಮಿಷದ ಪಟ್ಟಿಯಿಂದ ಯಾವುದನ್ನು ತೆಗೆದು, ಯಾವುದನ್ನು ಸೇರಿಸಬೇಕು?

೩. ಕಂಪ್ಯೂಟರ್ ಏಳುವ ಆ ಎರಡು ನಿಮಿಷವನ್ನು ಗೊಣಗುವ ಬದಲು, ಕಾಯಿಸುತ್ತಿರುವ ಒಬ್ಬರ ಹೆಸರು ಹೇಳಿ ಪ್ರಾರ್ಥಿಸಲು ಬಳಸಬಹುದೇ?

ತಾಳ್ಮೆಯ ತಂದೆಯೇ, ಅರ್ಧ ಕಣ್ಣು ತೆರೆದ ನಮ್ಮನ್ನು ನೀವು ಬಿಟ್ಟುಹೋಗಲಿಲ್ಲ. ನಾವು ಮನುಷ್ಯರನ್ನು ಮರಗಳಂತೆ ಕಂಡಾಗ ಮತ್ತೊಮ್ಮೆ ನಮ್ಮನ್ನು ಮುಟ್ಟಿರಿ. ನಮ್ಮ ಮನೆಯಲ್ಲಿ ಇನ್ನೂ ಏಳದವರ ಪಕ್ಕದಲ್ಲಿ ನಿಲ್ಲುವ ವರವನ್ನು ಕೊಡಿರಿ. ನಮ್ಮ ಪ್ರಭು ಕ್ರಿಸ್ತರ ಮೂಲಕ. ಆಮೆನ್.